ಹನೂರು ಸೀಮೆಯ ಸ್ಮಾರ್ಟ್‌ಕ್ಲಾಸ್ ಮಹಾತ್ಮೆ

ಶಾಲೆಗೆ ತಂತ್ರಜ್ಞಾನ ಬಂದದ್ದು ಬೆಂಗಳೂರಿನಿಂದ ಅಂದುಕೊಂಡವರೇ ಹೆಚ್ಚು. ಬೇರೆ ಜಿಲ್ಲೆಗಳ ಮಾತು ಬಿಡಿ, ಚಾಮರಾಜನಗರಕ್ಕೆ ಅದು ಆಕಾಶದಿಂದ ನೇರವಾಗಿ ಇಳಿಯಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಎಜುಸ್ಯಾಟ್ ಮೇಲಕ್ಕೆ ಹಾರಿತು. ತೂಕ 1,950 ಕೆ.ಜಿ., ಕೆಲಸ ಪಾಠ ಹೇಳುವುದು. ಶಿಕ್ಷಣಕ್ಕೆಂದೇ ಇಸ್ರೊ ಕಟ್ಟಿದ ಮೊದಲ ಉಪಗ್ರಹ. ಅದರ ಪ್ರಾಥಮಿಕ ಶಾಲಾ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ನಮ್ಮ ಜಿಲ್ಲೆಯನ್ನು. 2001ರ ಜನಗಣತಿಯಲ್ಲಿ ಜಿಲ್ಲೆಯ ಅರ್ಧದಷ್ಟು ಜನಕ್ಕೆ ಮಾತ್ರ ಓದುಬರಹ ಬರುತ್ತಿತ್ತು. ಉಳಿದರ್ಧಕ್ಕೆ ಮೇಷ್ಟ್ರನ್ನು ಕಳಿಸುವುದಕ್ಕಿಂತ ಉಪಗ್ರಹ ಕಳಿಸುವುದು ಸಲೀಸು ಎಂದು ಹಿರಿಯರು ಕಂಡುಕೊಂಡರು. ಎಂಟುನೂರಕ್ಕೂ ಹೆಚ್ಚು ಶಾಲೆಗಳ ನೆತ್ತಿಯ ಮೇಲೆ ಡಿಶ್ ಕೂತಿತು, ಒಳಗೆ ಟಿವಿ ಬಂತು. ಪಾಠ ಸುಮಾರು 36,000 ಕಿ.ಮೀ. ಮೇಲೆ ಹೋಗಿ ಅಷ್ಟೇ ದೂರ ಕೆಳಗೆ ಬರಲು ಕಾಲು ಸೆಕೆಂಡು ಸಾಕಾಗುತ್ತಿತ್ತು. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಸುಮಾರು 80 ಕಿ.ಮೀ.ಗೆ ಬಸ್ಸು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿ ಎತ್ತಿ ಯಾರ ಮನಸ್ಸನ್ನೂ ನೋಯಿಸಲಾರೆ.

2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು. 2006ರ ಏಪ್ರಿಲ್‌ಗೆ ಮೊದಲೇ ಕೆಲಸಕ್ಕೆ ಸೇರಿದ್ದರಿಂದ ಹಳೆ ಪಿಂಚಣಿಗೆ ಅದು ಅರ್ಹವಾಗಿತ್ತು. ಅರ್ಜಿ ಹಾಕಿಸುವವರು ಇರಲಿಲ್ಲ ಅಷ್ಟೆ. ಮೇಲಿದ್ದದ್ದು ಹೋದರೇನು, ಕೆಳಗಿನ ಡಿಶ್ಶು ಕೆಲವು ಕಡೆ ಇನ್ನೂ ಉಳಿದಿದೆ. ದಾಸ್ತಾನು ವಹಿಯಲ್ಲಂತೂ ಖಂಡಿತ ಉಳಿದಿರುತ್ತದೆ. ದಾಸ್ತಾನು ವಹಿಯಲ್ಲಿ ಇರುವ ವಸ್ತುವಿಗೆ ಸಾವಿಲ್ಲ.

ಇಂಥ ಪುಣ್ಯಭೂಮಿಗೆ ಹೊಸದಾಗಿ ನೇಮಕವಾಗಿ ಬಂದ ಮೇಡಂ ಒಬ್ಬರನ್ನು ನೆನೆಸಿಕೊಳ್ಳಿ. ಹೆಸರು ಬೇಡ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಕರೆದರಲ್ಲ, ಟಿಇಟಿ, ಸಿಇಟಿ, ಕೋರ್ಟು, ಕೌನ್ಸೆಲಿಂಗು ಎಲ್ಲವನ್ನೂ ದಾಟಿ ಬಂದವರಲ್ಲಿ ಯಾರನ್ನಾದರೂ ಇಟ್ಟುಕೊಳ್ಳಿ. ಕೊಳ್ಳೇಗಾಲದಲ್ಲಿ ಬಾಡಿಗೆ ರೂಮು. ಬೆಳಿಗ್ಗೆ ಹನೂರಿನ ಬಸ್ಸು, ಹನೂರಿನಿಂದ ಇನ್ನೊಂದು ಬಸ್ಸು, ಅಲ್ಲಿಂದ ಆಚೆಗೆ ಸಿಕ್ಕಿದ ಆಟೊ. ಬ್ಯಾಗಿನಲ್ಲಿ ಸ್ವಂತ ಲ್ಯಾಪ್‌ಟಾಪು, ಪೆನ್‌ಡ್ರೈವಿನ ತುಂಬ ಪಿಪಿಟಿ. ಮೈಸೂರಿನ ಬಿ.ಇಡಿ. ಕಾಲೇಜಿನಲ್ಲಿ ಕಲಿತುಬಂದ ಉತ್ಸಾಹ. ಹೊಸ ಶಿಕ್ಷಕರನ್ನು ಕಾಡುವ ಒಂದು ಬಾಲಗ್ರಹವಿದೆ, ಪಾಠ ಮಾಡಬೇಕೆಂಬ ಹಠ. ಅದು ಈ ಮೇಡಂಗೂ ಹಿಡಿದಿತ್ತು. ಹಿಂದಿನ ಕಾಲದಲ್ಲಿ ಇದು ವಾಸಿಯಾಗಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತಿತ್ತು, ಕೆಲವರಿಗೆ ನಿವೃತ್ತಿಯಾದರೂ ಬಿಡುತ್ತಿರಲಿಲ್ಲ. ಈಗ ತಂತ್ರಜ್ಞಾನ ಬಂದಿದೆ. ಎರಡು ವರ್ಷದ ಪ್ರೊಬೇಷನ್ ಮುಗಿಯುವುದರೊಳಗೆ ಪೂರ್ತಿ ಗುಣ.

ಶಾಲೆಯಲ್ಲಿ ಸ್ಮಾರ್ಟ್ ಟಿವಿ ಇತ್ತು. ದಾನಿಗಳು ಕೊಟ್ಟದ್ದು. ಹೆಡ್ ಮೇಷ್ಟ್ರ ಕೋಣೆಯಲ್ಲಿ, ಗೋಡೆಗೆ ಒರಗಿಸಿ, ಬಂದ ಡಬ್ಬದ ಥರ್ಮಾಕೋಲು ಸಮೇತ, ಮೇಲೊಂದು ಹೂವಿನ ಚಿತ್ರದ ಬೆಡ್‌ಶೀಟು. ರಿಮೋಟು ಪ್ಲಾಸ್ಟಿಕ್ ಕವರಿನಲ್ಲಿ, ಕವರಿಗೆ ರಬ್ಬರ್ ಬ್ಯಾಂಡು, ಅದು ಬೀರುವಿನಲ್ಲಿ, ಬೀರುವಿನ ಕೀ ಹೆಡ್ ಮೇಷ್ಟ್ರ ಉಡಿದಾರದಲ್ಲಿ. ದಸರಾ ರಜೆ ಬಿಡುವ ಹಿಂದಿನ ದಿನ ಬೆಡ್‌ಶೀಟು ಸರಿಸಿ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮುಂದೆ ನಿಂಬೆಹಣ್ಣು ಇಡುತ್ತಾರೆ. ಪರದೆಯ ಬಲ ಮೂಲೆಯಲ್ಲಿ ಮೂರು ವರ್ಷದ ಕುಂಕುಮ ಒಂದರ ಮೇಲೊಂದು ಕೂತಿದೆ.

“ಬೀಗ ಯಾಕೆ ಸರ್?” ಎಂದು ಮೇಡಂ ಕೇಳಿದರು.

“ಕೆಟ್ಟೋದ್ರೆ ಯಾರು ಉತ್ತರ ಕೊಡೋರು ಮೇಡಂ? ಆನ್ ಮಾಡ್ದೆ ಇದ್ರೆ ಯಾರೂ ಏನೂ ಕೇಳಲ್ಲ.”

ಇದಕ್ಕಿಂತ ಗಟ್ಟಿಯಾದ ನಿರ್ವಹಣಾ ನೀತಿಯನ್ನು ಯಾವ ಐಐಎಂ ಕೊಟ್ಟೀತು? ಈ ಮಾತಿನ ಹಿಂದೆ ಇತಿಹಾಸವೂ ಇದೆ. 2001ರ ಹೊತ್ತಿಗೆ ‘ಮಾಹಿತಿ ಸಿಂಧು’ ಎಂದು ಪ್ರೌಢಶಾಲೆಗಳಿಗೆ ಕಂಪ್ಯೂಟರು ಬಂದವು. ಆಮೇಲೆ ಐಸಿಟಿ ಯೋಜನೆಯಲ್ಲಿ ಐದು ವರ್ಷದ ಗುತ್ತಿಗೆಯ ಮೇಲೆ ಯಂತ್ರವೂ ಬೋಧಕರೂ ಕೂಡಿಯೇ ಬಂದರು. ಗುತ್ತಿಗೆ ಮುಗಿದ ಮೇಲೆ ಬೋಧಕರು ಹೋದರು, ಯಂತ್ರ ಶಾಲೆಯ ಆಸ್ತಿಯಾಗಿ ಉಳಿಯಿತು. ಆಸ್ತಿ ಎಂದ ಮೇಲೆ ಕಾಪಾಡಬೇಕು, ಮಕ್ಕಳ ಕೈಗೆ ಕೊಡಬಾರದು.

ಮೇಡಂ ಹಠ ಬಿಡಲಿಲ್ಲ. ಒಂದು ದಿನ ಟಿವಿಯ ಬೆಡ್‌ಶೀಟು ಸರಿಯಿತು. ಆರನೇ ಕ್ಲಾಸಿಗೆ ವನ್ಯಜೀವಿಗಳ ಮೇಲೆ ವಿಡಿಯೊ. ಪರದೆಯ ಮೇಲೆ ಹುಲ್ಲುಗಾವಲು, ದೂರದಲ್ಲಿ ದೂಳು, ದೂಳಿನೊಳಗಿಂದ ಆನೆ. ಗಂಭೀರವಾದ ಗಂಡಸಿನ ದನಿಯಲ್ಲಿ ಕನ್ನಡ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಸೋಲಿಗರ ಪೋಡಿನಿಂದ ಬರುವ ಹುಡುಗನೊಬ್ಬ ಎದ್ದು ನಿಂತ.

“ಮಿಸ್, ಇದು ನಮ್ಮಾನೆ ಅಲ್ಲ.”

“ಯಾಕೋ?”

“ಕಿವಿ ನೋಡಿ ಮಿಸ್, ಮೊರದಂಗೆ ಅವೆ. ನಮ್ಮವ್ಕೆ ಇಷ್ಟುದ್ದ ಇರಕಿಲ್ಲ. ಮರಿ ಜೊತೇಲಿ ಇರೋದು ತಾಯಿ ಅಲ್ವಾ? ಅದ್ಕೂ ದಂತ ಅದೆ. ನಮ್ ತಾಯಾನೆಗೆ ದಂತ ಇರಕಿಲ್ಲ.”

ಇನ್ನೊಬ್ಬಳು ಎದ್ದಳು: ಅವರ ಜೋಳದ ಹೊಲಕ್ಕೆ ಮೊನ್ನೆ ರಾತ್ರಿ ಬಂದದ್ದು ಗಂಡೇ, ಆದರೂ ದಂತ ಇರಲಿಲ್ಲವಂತೆ, ಅಪ್ಪ ಅದನ್ನು ಮಕನ ಎಂದನಂತೆ. ಮೂರನೆಯವನು ಲದ್ದಿ ನೋಡಿ ಆನೆ ಹೋಗಿ ಎಷ್ಟು ಹೊತ್ತಾಯಿತೆಂದು ಹೇಳಬಲ್ಲೆ ಎಂದ. ತರಗತಿ ತನ್ನಷ್ಟಕ್ಕೆ ಹೊತ್ತಿಕೊಂಡಿತು. ವಿಡಿಯೊ ಆಫ್ರಿಕದಲ್ಲಿ ಓಡುತ್ತಲೇ ಇತ್ತು, ಯಾರೂ ನೋಡುತ್ತಿರಲಿಲ್ಲ. ಒಂದು ಕಡೆ ಬಿಆರ್‌ಟಿ ಹುಲಿ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ, ಆಚೆಗೆ ಕಾವೇರಿ ವನ್ಯಧಾಮ, ಮೂರರ ನಡುವೆ ಕೂತ ಊರಿನ ಮಕ್ಕಳಿಗೆ ಆನೆ ಹೇಗಿರುತ್ತದೆ ಎಂದು ತೋರಿಸಲು ಆಫ್ರಿಕದಿಂದ ಆನೆ ತರಿಸಿದ ತಂತ್ರಜ್ಞಾನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅದು ತಪ್ಪು ಆನೆ ತೋರಿಸದೆ ಹೋಗಿದ್ದರೆ ಸರಿಯಾದ ಆನೆ ಬಾಯಿಗೆ ಬರುತ್ತಲೇ ಇರಲಿಲ್ಲ.

ಆಗಲೇ ಕರೆಂಟು ಹೋಯಿತು. ಇದರ ಬಗ್ಗೆ ದೂರುವವರಿದ್ದಾರೆ, ನಾನು ಆ ಪೈಕಿ ಅಲ್ಲ. ಕರೆಂಟಿನ ವಿಷಯದಲ್ಲಿ ನಮ್ಮ ಸೀಮೆಯ ಔದಾರ್ಯ ಪ್ರಾಚೀನವಾದದ್ದು. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ತೆಗೆದು, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಲಾಯಿತು. ಕೊಳ್ಳೇಗಾಲದಿಂದ ಸೈಕಲ್ಲಿನಲ್ಲಿ ಹೋಗಿ ನೋಡಿ ಬರುವಷ್ಟು ಹತ್ತಿರದ ಜಾಗ. ಮೊದಲು ದೂರದವರಿಗೆ, ಉಳಿದರೆ ಹತ್ತಿರದವರಿಗೆ ಎಂಬ ಆ ಸಂಪ್ರದಾಯ ಬಿಟ್ಟುಕೊಡುವಂಥದ್ದಲ್ಲ.

ಕರೆಂಟು ಬರುವವರೆಗೆ ಮೇಡಂ ಏನು ಮಾಡಿದರು ಎಂದು ಹೇಳಲು ನನಗೆ ಸಂಕೋಚವಾಗುತ್ತದೆ. ಮಕ್ಕಳನ್ನು ಹೊರಗೆ ಹುಣಸೆಮರದ ಕೆಳಗೆ ಕೂರಿಸಿ, ನೆಲದ ಮೇಲೆ ಎರಡೂ ಆನೆಯ ಕಿವಿ ಬರೆಸಿ, ದೊಡ್ಡ ಕಿವಿ ಬಿಸಿಲು ನಾಡಿನ ಆನೆಗೆ ಏಕೆ ಬೇಕು, ಮೈಯ ಕಾವು ಕಿವಿಯ ರಕ್ತನಾಳದಿಂದ ಹೇಗೆ ಆರುತ್ತದೆ ಎಂದು ಮಾತಾಡಿಸಿದರು. ಹುಡುಗನೊಬ್ಬ ತನ್ನ ನಾಯಿ ನಾಲಿಗೆ ಚಾಚುವುದೂ ಇದಕ್ಕೇನಾ ಎಂದು ಕೇಳಿದ. ಊಟದ ಗಂಟೆ ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ. ಇಡೀ ಅವಧಿಗೆ ಒಂದು ಫೋಟೊ ಇಲ್ಲ. ಲಿಂಕ್ ಇಲ್ಲ. ಅಕ್ಷಾಂಶ ರೇಖಾಂಶ ಇಲ್ಲ. ಇಲಾಖೆಯ ದೃಷ್ಟಿಯಿಂದ ಅಂದು ಆರನೇ ತರಗತಿಗೆ ಏನೂ ನಡೆದಿಲ್ಲ.

ರೋಗ ಉಲ್ಬಣವಾಗಿತ್ತು ಎಂಬುದಕ್ಕೆ ಇಷ್ಟು ಸಾಕು. ಟಿವಿಯಿಂದ ಇದು ವಾಸಿಯಾಗುವಂಥದ್ದಲ್ಲ, ಅದಕ್ಕೆ ಬೇಕಾದ್ದು ಮೊಬೈಲು. ಸ್ಮಾರ್ಟ್‌ಕ್ಲಾಸ್ ಅಂದರೆ ಗೋಡೆಯ ಮೇಲಿನ ಪರದೆ ಅಂದುಕೊಳ್ಳುವವರು ಇನ್ನೂ ಹಳೆಯ ಕಾಲದಲ್ಲಿದ್ದಾರೆ. ಪರದೆ ಮಕ್ಕಳಿಗೆ. ನಿಜವಾದ ಸ್ಮಾರ್ಟ್‌ಕ್ಲಾಸು ಮೇಡಂ ಅಂಗೈಯಲ್ಲಿದೆ, ಅಲ್ಲಿ ವಿದ್ಯಾರ್ಥಿ ಮೇಡಂ.

ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ಸ್ಯಾಟ್ಸ್ ಪೋರ್ಟಲ್‌ನಲ್ಲಿ ಹಾಜರಾತಿ. ಹಾಲು ಕುಡಿದವರೆಷ್ಟು, ಊಟ ಮಾಡುವವರೆಷ್ಟು, ಮೊಟ್ಟೆ ತಿಂದವರೆಷ್ಟು, ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ. ನಡುವೆ ಶಾಲೆಯ ಅಂಕಿಅಂಶಕ್ಕೆ ಯು-ಡೈಸ್. ನಡುನಡುವೆ ಮಕ್ಕಳ ಗುರುತಿನ ಸಂಖ್ಯೆಗೆ ಅಪಾರ್. ವಾಟ್ಸ್‌ಆ್ಯಪ್ಪಿನಲ್ಲಿ ಕ್ಲಸ್ಟರಿನ ಗ್ರೂಪು, ಬ್ಲಾಕಿನ ಗ್ರೂಪು, ವಿಷಯವಾರು ಗ್ರೂಪು, ಶೂ ಸಾಕ್ಸಿನ ಗ್ರೂಪು, ಹಳೆಯ ತರಬೇತಿಯೊಂದಕ್ಕೆ ಮಾಡಿದ್ದು ಯಾರೂ ಹೊರಗೆ ಹೋಗುವ ಧೈರ್ಯ ಮಾಡದ ಗ್ರೂಪು. ‘ತುರ್ತು’ ಅಂದರೆ ನಾಳೆ ಕೊಟ್ಟರೂ ನಡೆಯುತ್ತದೆ. ‘ಅತಿ ತುರ್ತು’ ಅಂದರೆ ಇಂದು ಸಂಜೆ. ‘ಅತ್ಯಂತ ಜರೂರು, ನಿಮ್ಮೊಬ್ಬರದೇ ಬಾಕಿ’ ಅಂದರೆ ಎಲ್ಲರದೂ ಬಾಕಿ ಇದೆ ಎಂದು ಅರ್ಥ. ಇದಕ್ಕೆ ಎರಡು ಕೈ ಜೋಡಿಸಿದ ಚಿತ್ರ ಹಾಕಿ “ಗಮನಿಸಲಾಗಿದೆ ಸರ್” ಎಂದು ಬರೆಯುವುದನ್ನು ಮೇಡಂ ಮೊದಲ ವಾರದಲ್ಲೇ ಕಲಿತರು. ಕಲಿಕಾ ಫಲ ಸಾಧನೆಯಾಯಿತು. ಹಿಂದೆ ಕಾಡಂಚಿನ ಶಾಲೆಯ ಶಿಕ್ಷಕಿ ಒಂಟಿ, ವಾರಕ್ಕೊಮ್ಮೆ ಅಂಚೆಯವನು ಬಂದರೆ ಉಂಟು. ಈಗ ತರಗತಿಯಲ್ಲಿ ಭಾಗಾಕಾರ ಹೇಳಿಕೊಡುವಾಗಲೂ ಬ್ಲಾಕಿನ ನಾನೂರು ಜನ ಜೊತೆಗಿರುತ್ತಾರೆ. ಇಂಥ ಸಾಂಗತ್ಯ ಹಿಂದಿನವರಿಗೆ ಸಿಕ್ಕಿರಲಿಲ್ಲ.

ಓಟಿಪಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮಗುವಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು. ಮಗು ಎದುರಿಗೇ ಇದೆ, ಮೂಗು ಒರೆಸಿಕೊಳ್ಳುತ್ತಾ. ಆದರೆ ಮಗು ತಾನೇ ತಾನು ಎಂದು ಹೇಳಿದರೆ ನಡೆಯುವುದಿಲ್ಲ, ಅದನ್ನು ಆರು ಅಂಕಿ ಹೇಳಬೇಕು. ಆ ಅಂಕಿ ಹೋಗುವುದು ಕೇರಳದಲ್ಲಿ ಶುಂಠಿ ಕೀಳುತ್ತಿರುವ ಅಪ್ಪನ ಫೋನಿಗೆ.

“ಅಣ್ಣಾ, ನಾನು ಸ್ಕೂಲಿಂದ ಮಾತಾಡ್ತಿರೋದು. ನಿಮ್ಮ ಫೋನಿಗೆ ಆರು ನಂಬರಿನ ಮೆಸೇಜು ಬಂದಿರುತ್ತೆ, ಸ್ವಲ್ಪ ಓದಿ ಹೇಳ್ತೀರಾ?”

“ಯಾರು?”

“ನಿಮ್ಮ ಮಗಳ ಕ್ಲಾಸ್ ಮೇಡಂ.”

“ಹಿಂಗೇ ಅಂದ್ಬುಟ್ಟು ನಮ್ಮೂರೋನೊಬ್ಬಂದು ಕಾಸೆಲ್ಲ ಹೊಡ್ಕಂಡವ್ರೆ. ಓಟಿಪಿಯ ಯಾರ್ಗೂ ಹೇಳ್ಬ್ಯಾಡಿ ಅಂತ ಬ್ಯಾಂಕ್‌ನೋರೆ ಹೇಳವ್ರೆ ಕನಮ್ಮ.”

“ನಾನು ನಿಜವಾಗ್ಲೂ ಮೇಡಮ್ಮೇ ಅಣ್ಣಾ.”

“ಹಂಗಾರೆ ನನ್ ಮಗ್ಳು ಯಾವ ಕೈಲಿ ಬರೀತಳೆ, ಹೇಳಿ ನೋಡವ.”

“ಎಡಗೈಲಿ. ‘ಕ್ಷ’ ಬರೆಯುವಾಗ ಮಾತ್ರ ನಾಲಿಗೆ ಆಚೆ ಹಾಕ್ತಾಳೆ.”

ಆ ಕಡೆಯಿಂದ ನಗು ಕೇಳಿಸಿತು. ಅಪ್ಪ ಕೈ ಒರೆಸಿಕೊಂಡು ಮೆಸೇಜು ಹುಡುಕಿ, ಓದಲು ಬರುವ ಜೊತೆಗಾರನನ್ನು ಕೂಗಿ ಕರೆದು, ಅಂಕಿಗಳನ್ನು ಒಂದೊಂದಾಗಿ ಹೇಳಿಸುವಷ್ಟರಲ್ಲಿ ಓಟಿಪಿಯ ಆಯಸ್ಸು ಮುಗಿದಿತ್ತು. ಮತ್ತೆ ಮೊದಲಿನಿಂದ.

ಈ ಪ್ರಸಂಗದಲ್ಲಿ ಅಪ್ಪನ ತಪ್ಪೇನೂ ಇಲ್ಲ. ಡಿಜಿಟಲ್ ಸಾಕ್ಷರತೆ ಕಾಡಂಚಿನವರೆಗೂ ತಲುಪಿದೆ ಎಂಬುದಕ್ಕೆ ಆತ ಜೀವಂತ ಸಾಕ್ಷಿ. ಯಂತ್ರದ ತಪ್ಪೂ ಇಲ್ಲ. ತಪ್ಪು ಮೇಡಂ ಅವರದೇ. ಮಗು ಎಡಗೈಯಲ್ಲಿ ಬರೆಯುತ್ತದೆ, ನಾಲಿಗೆ ಆಚೆ ಹಾಕುತ್ತದೆ ಎಂಬ ಮಾಹಿತಿಗೆ ಯಾವ ಪೋರ್ಟಲ್‌ನಲ್ಲೂ ಕಾಲಂ ಇಲ್ಲ. ಕಾಲಂ ಇಲ್ಲದ ಮಾಹಿತಿಯನ್ನು ತಲೆಯಲ್ಲಿ ತುಂಬಿಕೊಂಡು ಓಡಾಡಿದರೆ ಜಾಗ ಭರ್ತಿಯಾಗುತ್ತದೆ, ಪಾಸ್‌ವರ್ಡುಗಳು ಮರೆತುಹೋಗುತ್ತವೆ. ಹಾಗೇ ಆಯಿತು. ಆ ವಾರ ಯು-ಡೈಸ್ ಪಾಸ್‌ವರ್ಡು ಮರೆತು ಮೇಡಂ ಬ್ಲಾಕ್ ಕಚೇರಿಗೆ ಅಲೆದರು.

ಟವರಿನ ಕತೆ ಬೇರೆ. ಶಾಲೆಯ ಒಳಗೆ ಸಿಗ್ನಲ್ ಸಿಗುವುದಿಲ್ಲ. ಊರಿನ ಮೇಲೆ ಒಂದು ಬಂಡೆಯಿದೆ, ಅದರ ಮೇಲೆ ನಿಂತು ಪೂರ್ವಕ್ಕೆ ತಿರುಗಿದರೆ ಎರಡು ಕಡ್ಡಿ. ಮಕ್ಕಳು ಅದನ್ನು ಟವರ್ ಬಂಡೆ ಎನ್ನುತ್ತಾರೆ. ಸಂಜೆ ಮೇಡಂ ಅಲ್ಲಿ ನಿಂತು ಅಪ್‌ಲೋಡ್ ಮಾಡುತ್ತಾರೆ, ಮಕ್ಕಳು ಕೆಳಗೆ ನಿಂತು “ಸುತ್ತಾದೆಯಾ ಮಿಸ್?” ಎಂದು ಕೇಳುತ್ತಾರೆ. ವ್ಯಾಯಾಮಕ್ಕೆ ವ್ಯಾಯಾಮ, ಭೂಗೋಳಕ್ಕೆ ಭೂಗೋಳ. ಇನ್ನೂ ಆಚೆ, ಮಾರ್ಟಳ್ಳಿ, ಹೂಗ್ಯಂ, ಗೋಪಿನಾಥಂ ಕಡೆಗೆ ಹೋದರೆ ಫೋನು ತಾನಾಗಿಯೇ ತಮಿಳುನಾಡಿಗೆ ಸ್ವಾಗತ ಹೇಳುತ್ತದೆ. ಕೊಳ್ಳೇಗಾಲ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿ ಇದ್ದದ್ದು ನಿಜ. 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿದ್ದೂ ನಿಜ. ಸುದ್ದಿ ಟವರಿಗೆ ಇನ್ನೂ ತಲುಪಿಲ್ಲ, ಸಿಗ್ನಲ್ ಸಮಸ್ಯೆ ಇರಬೇಕು.

ನೆಟ್‌ವರ್ಕಿನ ಇನ್ನೊಂದು ಉಪಕಾರ ಮರೆಯಬಾರದು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ವಿದ್ಯಾಗಮ ಎಂದು ಮಕ್ಕಳನ್ನು ಮೂರು ಗುಂಪು ಮಾಡಿದರು: ಫೋನೇ ಇಲ್ಲದವರು, ಫೋನಿದ್ದೂ ನೆಟ್ ಇಲ್ಲದವರು, ಎರಡೂ ಇರುವವರು. ಜಾತಿಯ ಲೆಕ್ಕದಲ್ಲಿ ಮಕ್ಕಳನ್ನು ನೋಡಬಾರದು ಎಂದು ನೂರು ವರ್ಷದಿಂದ ಹೇಳಿ ಸೋತಿದ್ದೆವು. ಡೇಟಾ ಪ್ಯಾಕು ಒಂದೇ ತಿಂಗಳಲ್ಲಿ ಬೇರೆ ಲೆಕ್ಕ ತಂದುಕೊಟ್ಟಿತು.

ಇನ್ನು ಫೋಟೊ. ಜಿಪಿಎಸ್ ಕ್ಯಾಮೆರಾ ಎಂಬ ಆ್ಯಪಿದೆ. ಚಿತ್ರದ ಕೆಳಗೆ 12 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ, ತಾರೀಖು, ಗಂಟೆ, ನಿಮಿಷ ಎಲ್ಲ ಮೂಡುತ್ತದೆ. ಶಾಲೆ ಎಲ್ಲಿಗೂ ಓಡಿಹೋಗಿಲ್ಲ ಎಂಬುದು ದಿನವೂ ಖಾತ್ರಿಯಾಗುತ್ತದೆ. ಓದುವ ಕಾರ್ಯಕ್ರಮ ಇದ್ದರೆ ಮಕ್ಕಳು ಪುಸ್ತಕ ಹಿಡಿದು ಕ್ಯಾಮೆರಾ ನೋಡಬೇಕು. ಪುಸ್ತಕ ನೋಡುತ್ತಿದ್ದರೆ ಮುಖ ಕಾಣುವುದಿಲ್ಲ, ಮುಖ ಕಾಣದಿದ್ದರೆ ಓದಿದ್ದಕ್ಕೆ ಪುರಾವೆ ಇಲ್ಲ. ಒಬ್ಬ ಹುಡುಗ ನಿಜವಾಗಿಯೇ ಕತೆಯೊಳಗೆ ಹೊಕ್ಕು ತಲೆ ಎತ್ತಲಿಲ್ಲ, ಅವನನ್ನು ಹಿಂದಿನ ಸಾಲಿಗೆ ಕಳಿಸಬೇಕಾಯಿತು. ಬಿಸಿಯೂಟದ ಫೋಟೊಗೆ ಎಲ್ಲರೂ ತುತ್ತು ಕೈಯಲ್ಲಿ ಹಿಡಿದು ತಡೆಯಬೇಕು. ಈಗ ಮಕ್ಕಳು ಎಷ್ಟು ಪಳಗಿದ್ದಾರೆಂದರೆ ಮೇಡಂ ಜೇಬಿಗೆ ಕೈ ಹಾಕಿದರೆ ಸಾಕು, ಸಾರು ತೊಟ್ಟಿಕ್ಕುತ್ತಿದ್ದರೂ ನಗುತ್ತಾರೆ.

ಇದೇ ಮಾನದಂಡದಿಂದ ನಮ್ಮ ಸೀಮೆಯ ಹಿಂದಿನವರನ್ನು ಅಳೆದರೆ ಬೇಸರವಾಗುತ್ತದೆ. ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುವ ಕೆಲಸದಲ್ಲಿದ್ದವಳು. ಅಲ್ಲೇ ಓದುಬರಹ ಕಲಿತು ‘ಹದಿಬದೆಯ ಧರ್ಮ’ ಬರೆದಳು. ಕಲಿತದ್ದಕ್ಕೆ ಒಂದು ಫೋಟೊ ಇಲ್ಲ, ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆಯ ಅಂಕ ನಮೂದಾಗಿಲ್ಲ. ದಾಖಲಾತಿ ಸಂಖ್ಯೆಯೂ ಇಲ್ಲದ್ದರಿಂದ ಆಕೆಯನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ತೋರಿಸುವುದು ಅನಿವಾರ್ಯ. ಮಹದೇಶ್ವರ ಬೆಟ್ಟದ ಮಾದಪ್ಪನ ಕತೆಯನ್ನು ರಾತ್ರಿಯಿಡೀ ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರದೂ ಇದೇ ಸ್ಥಿತಿ. ಅಷ್ಟು ದೊಡ್ಡ ಕಾವ್ಯ ಬಾಯಲ್ಲೇ ಇದೆ, ಎಲ್ಲೂ ಅಪ್‌ಲೋಡ್ ಮಾಡಿಲ್ಲ, ಕೇಳಿದರೆ ಅಪ್ಪನಿಂದ ಕಲಿತೆ ಅನ್ನುತ್ತಾರೆ. ಅಪ್ಪನಿಗೆ ಬೋಧಕ ತರಬೇತಿ ಪ್ರಮಾಣಪತ್ರವಿತ್ತೇ?

ಪ್ರಮಾಣಪತ್ರದ ಮಾತಿಗೆ ಬಂದದ್ದು ಒಳ್ಳೆಯದಾಯಿತು. ದೀಕ್ಷಾ ಎಂಬ ವೇದಿಕೆ 2017ರ ಶಿಕ್ಷಕರ ದಿನದಂದು ಶುರುವಾಯಿತು. ಗುರುವಿನಿಂದ ದೀಕ್ಷೆ ಪಡೆಯಲು ಹಿಂದೆ ಹನ್ನೆರಡು ವರ್ಷ ಸೌದೆ ಹೊರಬೇಕಿತ್ತು. ಈಗ ರಾತ್ರಿ ಮುದ್ದೆ ತಿರುವುತ್ತಾ ಪಕ್ಕದಲ್ಲಿ ಫೋನು ಒರಗಿಸಿದರೆ ವಿಡಿಯೊ ತನ್ನಷ್ಟಕ್ಕೆ ಓಡುತ್ತದೆ, ಕೊನೆಯಲ್ಲಿ ರಸಪ್ರಶ್ನೆ. ಉತ್ತರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೊದಲೇ ಬಂದಿರುತ್ತದೆ. ಇದಕ್ಕೆ ಸಹಭಾಗಿ ಕಲಿಕೆ ಎಂದು ಹೆಸರು, ಅದೂ ಆ ಕೋರ್ಸಿನಲ್ಲೇ ಇದೆ. ಕೊಳ್ಳೇಗಾಲದಲ್ಲಿ ಟಾಲ್ಪ್ ಎಂಬ ಕಂಪ್ಯೂಟರ್ ತರಬೇತಿಗೆ ಹೋದವರ ಮಾತಂತೂ ಕೇಳಲೇಬೇಡಿ: ನಾಲ್ಕು ಜನಕ್ಕೊಂದು ಕಂಪ್ಯೂಟರು, ಮುಂದೆ ಕೂತವರು ಮೌಸ್ ಹಿಡಿಯುತ್ತಾರೆ, ಹಿಂದೆ ಕೂತವರು ಮಾರ್ಗದರ್ಶನ ಮಾಡುತ್ತಾರೆ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯೂ ಬಂತು. ಮೇಡಂ ಒಮ್ಮೆ ಚಾಟ್‌ಜಿಪಿಟಿಗೆ ಏಳನೇ ತರಗತಿಯ ವೇಗ ಮತ್ತು ದೂರದ ಪಾಠಯೋಜನೆ ಕೇಳಿದರು. ಒಳ್ಳೆ ಕನ್ನಡದಲ್ಲಿ ಬಂತು. “ವಿದ್ಯಾರ್ಥಿಗಳೇ, ನೀವು ಮೆಟ್ರೊ ರೈಲಿನಲ್ಲಿ ಪ್ರಯಾಣಿಸುವಾಗ” ಎಂದು ಶುರು. ಕೊಳ್ಳೇಗಾಲದವರೆಗೆ ಯಾವ ರೈಲೂ ಬರದ ನಾಡಿಗೆ ಮೆಟ್ರೊ ತಂದ ಕೀರ್ತಿ ಯಾವ ಸಂಸದರಿಗೂ ದಕ್ಕಿರಲಿಲ್ಲ.

ಪ್ರೌಢಶಾಲೆಯ ಕಡೆ ಕಣ್ಣು ಹಾಯಿಸಿದರೆ ಇನ್ನೂ ದೊಡ್ಡ ಸಾಧನೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿಗಳಲ್ಲಿ ಕ್ಯಾಮೆರಾ ಕೂರಿಸಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿಯೂ ಶೇ 73.40. ಕಪ್ಪುಹಲಗೆ, ನಕ್ಷೆ, ಗೋಳ, ಪ್ರಯೋಗಾಲಯ ಯಾವುದೂ ಒಂದೇ ವರ್ಷದಲ್ಲಿ ಫಲಿತಾಂಶದ ಮೇಲೆ ಇಷ್ಟು ಪ್ರಭಾವ ಬೀರಿದ್ದಿಲ್ಲ. ಸುಮ್ಮನೆ ಗೋಡೆಯ ಮೇಲೆ ಕೂತು ನೋಡಿದ್ದಕ್ಕೇ ಇಷ್ಟು. 2025ರಲ್ಲಿ ಮಕ್ಕಳ ಮುಖ ನೋಡಿ ಯಂತ್ರವೇ ಹಾಜರಿ ಹಾಕುವ ವ್ಯವಸ್ಥೆಯ ಪ್ರಸ್ತಾಪವೂ ಬಂತು. ಮಕ್ಕಳ ಮುಖ ನೋಡುವವರು ಯಾರಾದರೂ ಇರಬೇಕಲ್ಲ, ಮೇಡಂ ಮೊಬೈಲ್ ನೋಡುತ್ತಿರುವಾಗ.

ಅದೇ 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬಂತು. ಮನೆಗೆ ಅಂಟಿಸಿದ ಚೀಟಿ ನೋಡಿ, ಆ್ಯಪಿನಲ್ಲಿ ಮನೆ ಹುಡುಕಿ, ಮನೆಯವರನ್ನು ಕೇಳಿ ತುಂಬಬೇಕು. ಗಣತಿದಾರರು ಬಹುಪಾಲು ಶಿಕ್ಷಕರೇ. ಸರ್ವರು ನಿಧಾನ, ನೆಟ್ಟು ಇಲ್ಲ, ಕೆಲಸ ಮುಗಿಯಲಿಲ್ಲ, ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ತಂತ್ರಜ್ಞಾನ ನಿಧಾನವಾದರೆ ಶಾಲೆ ಕಾಯಬೇಕು, ಅದು ಸೌಜನ್ಯ. ಮೇಡಂ ಕಾಡಂಚಿನ ಹಟ್ಟಿಗಳಿಗೆ ನಡೆದರು. ಹೋದ ಮನೆಯಲ್ಲೆಲ್ಲ ಅವರದೇ ಮಕ್ಕಳು. ಅರವತ್ತು ಪ್ರಶ್ನೆಯ ಆ್ಯಪು ಸುತ್ತುತ್ತಿರುವಾಗ ಮಜ್ಜಿಗೆ ಕುಡಿಯುತ್ತಾ, ಅಕ್ಕನಿಗೆ ಮದುವೆ ಗೊತ್ತಾಗಿದ್ದು, ತಮ್ಮ ಶಾಲೆ ಬಿಟ್ಟು ಮೇಕೆ ಕಾಯುತ್ತಿರುವುದು, ಅಪ್ಪ ಕೇರಳದಿಂದ ದೀಪಾವಳಿಗೆ ಬರುತ್ತಾನೆಂಬುದು ಎಲ್ಲ ತಿಳಿಯಿತು. ಯಾವುದಕ್ಕೂ ಕಾಲಂ ಇಲ್ಲ. ರಜೆ ಮುಗಿದ ಮೇಲೆ ಮೇಕೆ ಕಾಯುತ್ತಿದ್ದ ಆ ತಮ್ಮ ಶಾಲೆಗೆ ಬಂದ. ಏಕೆ ಬಂದ ಎಂಬುದು ಆ್ಯಪಿಗೆ ಇನ್ನೂ ಬಿಡಿಸಲಾಗದ ಒಗಟು.

ಹೀಗೆ ಎರಡು ವರ್ಷದ ಚಿಕಿತ್ಸೆಯ ನಂತರ ಮೇಡಂ ಆರೋಗ್ಯ ಸುಧಾರಿಸಿದೆ. ಪಾಠದ ಹಠ ವಾರಕ್ಕೆ ಎರಡು ಮೂರು ಸಲ ಮಾತ್ರ ಮರುಕಳಿಸುತ್ತದೆ, ಅದೂ ಕರೆಂಟು ಹೋಗಿ, ಟವರು ಹೋಗಿ, ಚಾರ್ಜೂ ಮುಗಿದಾಗ. ಅಂಥ ದಿನ ಹುಣಸೆಮರದ ಕಡೆಯಿಂದ ಗದ್ದಲ ಕೇಳಿದರೆ ಹೆಡ್ ಮೇಷ್ಟ್ರು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಕಂಡದ್ದನ್ನು ವರದಿ ಮಾಡಬೇಕಾಗುತ್ತದಲ್ಲ.

ಮುಂದಿನ ನೇಮಕಾತಿಯಲ್ಲಿ ಈ ಕಡೆ ಬರಲಿರುವ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ನಾಲ್ಕು ಮಾತು. ಕೌನ್ಸೆಲಿಂಗ್‌ನಲ್ಲಿ ಹನೂರು ಎಂದು ಬಂದರೆ ಅಳಬೇಡಿ, ಯಳಂದೂರು ಎಂದು ಬಂದರೆ ಹಿಗ್ಗಲೂಬೇಡಿ, ಬಿಳಿಗಿರಿರಂಗನ ಬೆಟ್ಟದ ಮೇಲೂ ಯಳಂದೂರೇ. ಎರಡು ಕಂಪನಿಯ ಸಿಮ್ ಇರಲಿ, ಒಂದು ತಮಿಳುನಾಡನ್ನು ಹಿಡಿದರೆ ಇನ್ನೊಂದು ಯಾವುದನ್ನೂ ಹಿಡಿಯದಿರಲಿ. ಪವರ್ ಬ್ಯಾಂಕ್ ದೊಡ್ಡದೇ ತನ್ನಿ. ಬಂಡೆ ಹತ್ತಲು ಕ್ಯಾನ್ವಾಸ್ ಶೂ ಒಳ್ಳೆಯದು. ಪಾಸ್‌ವರ್ಡು ಬರೆದಿಡಲು ನೂರು ಹಾಳೆಯ ನೋಟ್‌ಬುಕ್ ಬೇಕು, ತಂತ್ರಜ್ಞಾನದಲ್ಲಿ ಇನ್ನೂ ಕಾಗದಕ್ಕೆ ಬದಲಿ ಸಿಕ್ಕದ ಜಾಗ ಅದೊಂದೇ. ಸೀಮೆಸುಣ್ಣಕ್ಕೆ ಶಾಲಾ ಅನುದಾನದಲ್ಲಿ ಹಣ ಬರುತ್ತದೆ. ಈ ವರ್ಷದ್ದು ಬಂದಿದೆ, ಆನ್‌ಲೈನ್ ಪಾವತಿಯಲ್ಲಿ ಓಟಿಪಿ ಹೋದ ನಂಬರು ವರ್ಗವಾಗಿ ಹೋದ ಹೆಡ್ ಮೇಷ್ಟ್ರದ್ದು, ಅವರು ಫೋನ್ ಎತ್ತುತ್ತಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಅಂಗಡಿಗಳಿವೆ, ಬರುವಾಗ ಎರಡು ಡಬ್ಬ ತಂದುಬಿಡಿ, ಬಿಳಿಯದು ಒಂದು, ಬಣ್ಣದ್ದು ಒಂದು.